ಮಳೆಗಾಲದ ಗೃಹಸ್ಥರು

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ದುಡಿಮೆಗೆಷ್ಟು ಕಾಲ, ಸಂಸಾರಕ್ಕೆಷ್ಟು ಕಾಲ ಎಂಬುದನ್ನು ದಿನದ ಗಂಟೆಗಳಿಗಿಂತ ಋತುಗಳೇ ನಿರ್ಧರಿಸುತ್ತಿದ್ದವು. ಜೂನ್‌ನಲ್ಲಿ ಮುಂಗಾರು ಹಿಡಿಯಿತೆಂದರೆ ದೋಣಿಗಳು ದಡ ಸೇರುತ್ತಿದ್ದವು; 1861–65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಯನ್ನು ಸಾಗಿಸಿ ಹೆಸರಾದ ಕುಮಟಾ ಬಂದರಿನ ವಹಿವಾಟೂ ತಗ್ಗುತ್ತಿತ್ತು; ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತಿದ್ದವು. ಗಂಡಸರು ಮನೆಯಲ್ಲಿ ಉಳಿಯುತ್ತಿದ್ದ ಈ ಕಾಲವೇ ಕೈಯಲ್ಲಿ ಕಾಸಿಲ್ಲದ ಕಾಲವೂ ಆಗಿತ್ತಾದ್ದರಿಂದ, ಅದನ್ನು ಬಿಡುವಿನ ಕಾಲವೆಂದು ವರ್ಣಿಸುವುದು ಅರ್ಧಸತ್ಯವಾದೀತು.

ಈ ಏರ್ಪಾಟು ನಿಚ್ಚಳವಾಗಿ ಕಾಣುವುದು ಮೇಳಗಳ ತಿರುಗಾಟದಲ್ಲಿ, ಎಂದರೆ ನವೆಂಬರ್ ಸುಮಾರಿಗೆ ಹೊರಟ ತಂಡ ಮೇ ತಿಂಗಳವರೆಗೆ ಊರಿಂದೂರಿಗೆ ಹೋಗಿ ಆಟ ಆಡುವ ಕ್ರಮದಲ್ಲಿ. ಬೆಳಗಿನ ಮಂಗಳದವರೆಗೆ ಕುಣಿದು, ಬಣ್ಣ ತೆಗೆದು, ಮುಂದಿನ ಊರಿನ ಬಿಡಾರದಲ್ಲಿ ಹಗಲು ನಿದ್ದೆ ಮಾಡುವ ಕಲಾವಿದನಿಗೆ ಮನೆ ಹಾದಿಯಲ್ಲಿ ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ. ಗದ್ದೆ, ಕೊಟ್ಟಿಗೆ, ಸಾಲ ಕೊಟ್ಟವನ ತಗಾದೆ, ಮಗುವಿನ ಜ್ವರ ಎಲ್ಲವೂ ಹೆಂಗಸರ ಪಾಲಿಗೆ ಬಂದವು. ಅವರ ಈ ದುಡಿಮೆಗೆ ಕಲೆಯ ಚರಿತ್ರೆ ಇನ್ನೂ ಸಾಕಷ್ಟು ಜಾಗ ಕೊಟ್ಟಿಲ್ಲ. ತಂದೆಯ ಒಡನಾಟ ಬೇಕೆಂದ ಗಂಡುಮಗನಿಗೆ ಇದ್ದ ದಾರಿಯೆಂದರೆ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಅಲ್ಲಿ ಪೆಟ್ಟಿಗೆಗಳ ನಡುವೆ ಮಲಗೆದ್ದು, ಆಟದ ಆರಂಭದಲ್ಲಿ ಬರುವ ಕೋಡಂಗಿ, ಬಾಲಗೋಪಾಲರ ಕುಣಿತದಿಂದ ಅವನ ಕಲಿಕೆ ಮೊದಲಾಗುತ್ತಿತ್ತು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಮಕ್ಕಳಾದ ಶಂಭು ಹೆಗಡೆ, ಗಜಾನನ ಹೆಗಡೆಯವರೂ ಬೆಳಗಿದುದರ ಹಿಂದೆ ಮನೆ ಮತ್ತು ಮೇಳ ಒಂದೇ ಆಗಿದ್ದ ಅನುಕೂಲವಿತ್ತು. ಎಲ್ಲರಿಗೂ ಅದು ಒದಗಲಿಲ್ಲ: 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥ ಪ್ರತಿಭಾವಂತರೂ ಬಾಲ್ಯದಲ್ಲೇ ಶಾಲೆ ಬಿಟ್ಟು ಮೇಳ ಸೇರಿದವರು. ಇಡೀ ರಾತ್ರಿಯ ಆಟವನ್ನು ಎರಡು-ಮೂರು ಗಂಟೆಗೆ ಇಳಿಸಿದ ಕಾಲಮಿತಿ ಪ್ರಯೋಗವನ್ನು ಕಲೆಗೆ ಬಂದ ಕುಂದೆಂದು ಹಳೆಯ ಪ್ರೇಕ್ಷಕರು ಗೊಣಗಿದ್ದುಂಟು. ಕಲಾವಿದನ ಮನೆಯವರ ಅಭಿಪ್ರಾಯ ಬೇರೆಯೇ ಇದ್ದೀತು.

ಮನೆಯಿಂದ ದೂರವಿದ್ದು ದುಡಿದವರು ಮೇಳದವರಷ್ಟೇ ಅಲ್ಲ. ಭಟ್ಕಳದ ನವಾಯತ ಮುಸ್ಲಿಂ ವರ್ತಕರೂ ಮುಂಬಯಿ, ಮದರಾಸು ಮುಂತಾದೆಡೆ ಅಂಗಡಿ ಇಟ್ಟವರು. 1970ರ ದಶಕದ ಬಳಿಕ ಕೊಲ್ಲಿ ರಾಷ್ಟ್ರಗಳ ಉದ್ಯೋಗ ಈ ಅಗಲಿಕೆಯನ್ನು ಋತುವಿನಿಂದ ಬಿಡಿಸಿ ರಜೆಯ ಮಂಜೂರಾತಿಗೆ ಕಟ್ಟಿತು. ತಂದೆಯರು ದೂರವಿದ್ದ ಊರಿನಲ್ಲಿ ಮಕ್ಕಳ ಓದಿನ ಹೊಣೆಯನ್ನು 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್‌ನಂಥ ಸಂಸ್ಥೆಗಳು ಬಹುಮಟ್ಟಿಗೆ ಹೊತ್ತವು.

ಮೀನುಗಾರರ ಮನೆಗಳಲ್ಲಿ ಮಾತ್ರ ಋತುವಿನ ಲೆಕ್ಕ ಕಾನೂನಿನ ರೂಪದಲ್ಲಿ ಉಳಿದಿದೆ. ಮೀನುಗಳ ಸಂತಾನೋತ್ಪತ್ತಿಗೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುತ್ತದೆ. ಆದರೆ ಶಾಲೆಯ ಪಂಚಾಂಗ ಬೇರೆ: ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಮಕ್ಕಳು ಮನೆಯಲ್ಲಿರುವಾಗ ತಂದೆ ಕಡಲಲ್ಲಿರುತ್ತಾನೆ, ಅವನು ಬಲೆ ಒಳಗಿಟ್ಟು ಮನೆಗೆ ಬರುವ ಹೊತ್ತಿಗೆ ಮಕ್ಕಳು ಕೊಡೆ ಹಿಡಿದು ಶಾಲೆಗೆ ಹೊರಡುತ್ತಾರೆ.