ಪ್ಯಾರಿಸ್ಸಿನ ಗೋಡೆಗೇರಿದ ಮೈಸೂರಿನವನು

ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1788ರಲ್ಲಿ ಪ್ಯಾರಿಸ್ ಸೇರಿದರು. ಬೇಕಿದ್ದದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು; ಖಜಾನೆ ಬರಿದಾಗಿದ್ದ ಹದಿನಾರನೇ ಲೂಯಿ ಉಪಚಾರದಲ್ಲೇ ಮುಗಿಸಿದ.

ಉಳಿದದ್ದು ಚಿತ್ರ. ರಾಣಿಯ ಮೆಚ್ಚಿನ ಚಿತ್ರಗಾರ್ತಿ ವಿಜೀ ಲೆ ಬ್ರುನ್, ಆ ಮೂವರಲ್ಲೊಬ್ಬನಾದ ಮುಹಮ್ಮದ್ ದರ್ವೇಶ್ ಖಾನನನ್ನು ಆಳೆತ್ತರಕ್ಕೆ ಬರೆದಳು: ಬಿಳಿ ನಿಲುವಂಗಿ, ಕತ್ತಿಯ ಹಿಡಿಯ ಮೇಲೆ ಕೈ. ಆತ ಅದನ್ನು ಮಂಚದ ಹಿಂದೆ ಬಚ್ಚಿಟ್ಟನಂತೆ. ಆಕೆ ಅವನ ಸೇವಕನಿಂದಲೇ ಕದಿಸಿ ತರಿಸಿದಳಂತೆ. ಕಥೆ ಆಕೆಯದೇ, ಉಪ್ಪುಖಾರ ಸೇರಿದ್ದರೂ ಸೇರಿರಬಹುದು. ಬಾಸ್ತೀಲ್ ಬಿದ್ದ ಮರುತಿಂಗಳು, 1789ರ ಆಗಸ್ಟ್‌ನಲ್ಲಿ ಆರಂಭವಾದ ಸಲೋನ್ ಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಅಕ್ಟೋಬರಿನಲ್ಲಿ ಚಿತ್ರಗಾರ್ತಿಯೇ ದೇಶ ಬಿಟ್ಟು ಓಡಿದಳು.

ಇತ್ತ ಕರ್ನಾಟಕದಲ್ಲಿ, ಸಕಲೇಶಪುರದ ಬಳಿ, ಫ್ರಾನ್ಸಿನೊಂದಿಗಿನ ಆ ನಂಟಿನ ಗುರುತು ಕಲ್ಲಿನಲ್ಲೇ ಇದೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಎಂಟು ಮೂಲೆಯ ನಕ್ಷತ್ರ. ಫ್ರಾನ್ಸಿನ ಸೇನಾ ಎಂಜಿನಿಯರ್ ವೊಬಾನ್ ಬೆಳೆಸಿದ ಮಾದರಿಯದು.