ಘಟ್ಟದ ದಾರಿಯೂ ಬುತ್ತಿಯ ಲೆಕ್ಕವೂ

ಸೈಕಲ್ಲಿನ ಮೇಲೆ ದೂರದ ನಾಡುಗಳನ್ನು ಸುತ್ತಿ ಬರಬೇಕೆಂಬ ಹಂಬಲ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಆ ಹಂಬಲ ಹತ್ತಿದೆ. ಕಳೆದ ತಿಂಗಳು ಮನೆಗೆ ಬಂದವನು ವಿಯೆಟ್ನಾಮಿನ ಭೂಪಟವನ್ನು ಜಗಲಿಯ ಮೇಲೆ ಹರಡಿ, ಹನೋಯ್ ನಗರದಿಂದ ವಾಯವ್ಯದ ಬೆಟ್ಟಗಳನ್ನು ಹಾಯ್ದು ಲಾವೋಸಿನ ಗಡಿಯ ಬಳಿಯಿರುವ ಡಿಯೆನ್ ಬಿಯೆನ್ ಫುವರೆಗೆ ಒಂದು ಕೆಂಪು ಗೆರೆ ಎಳೆದು ತೋರಿಸಿದ. "ಮೇಷ್ಟ್ರೇ, ಸುಮಾರು 480 ಕಿಲೋಮೀಟರು. ದಿನಕ್ಕೆ ನೂರರಂತೆ ಐದು ದಿನ ಸಾಕಲ್ಲವೇ?" ಎಂದು ಕೇಳಿದ. ಅವನ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಬೆಟ್ಟಗಳು ಭಾಗಾಕಾರಕ್ಕೆ ಬಗ್ಗುವುದಿಲ್ಲ. ಆ ಬೆಟ್ಟಗಳ ವಿಷಯದಲ್ಲಿ ಹಿಂದೊಮ್ಮೆ ಲೆಕ್ಕ ತಪ್ಪಿದ್ದರಿಂದ ಒಂದು ಸಾಮ್ರಾಜ್ಯವೇ ಮುಗ್ಗರಿಸಿತು. ಅವನಿಗೆ ಹೇಳಿದ ಆ ವೃತ್ತಾಂತವನ್ನೇ ಈಗ ನಿಮ್ಮ ಮುಂದಿಡುತ್ತೇನೆ.

1953ರಲ್ಲಿ ವಿಯೆಟ್ನಾಮಿನ ಸ್ವಾತಂತ್ರ್ಯ ಸಮರ ಏಳನೆಯ ವರ್ಷವನ್ನು ಮುಟ್ಟಿತ್ತು. ಆ ವರ್ಷ ನವೆಂಬರ್ 20ರಂದು ಫ್ರೆಂಚ್ ಸೇನಾಪತಿ ನವಾರ್, ಡಿಯೆನ್ ಬಿಯೆನ್ ಫು ಕಣಿವೆಯಲ್ಲಿ ಪ್ಯಾರಾಚೂಟುಗಳ ಮೂಲಕ ಸೈನಿಕರನ್ನು ಇಳಿಸಿದನು. ಲಾವೋಸಿನ ಕಡೆಗೆ ಹೋಗುವ ದಾರಿಗೆ ಅಡ್ಡಗಟ್ಟುವುದು, ಎದುರಾಳಿಯನ್ನು ಬಯಲಿಗೆಳೆದು ಬಡಿಯುವುದು ಅವನ ಉದ್ದೇಶ. ಕಣಿವೆಯ ಉದ್ದ ಸುಮಾರು 18 ಕಿಲೋಮೀಟರು; ಸುತ್ತಲೂ ಕಾಡುಬೆಟ್ಟಗಳು. ಫ್ರೆಂಚರಿಗೆ ಬೇಕಾದುದೆಲ್ಲ ಹನೋಯಿನಿಂದ ವಿಮಾನದಲ್ಲಿ ಬರುತ್ತಿತ್ತು. ವಿಯೆಟ್ನಾಮೀಯರಿಗಾದರೋ ವಿಮಾನವಿಲ್ಲ, ಲಾರಿಗಳೂ ಕೆಲವು ನೂರು ಮಾತ್ರ. ಇಷ್ಟು ದೂರದ ದುರ್ಗಮ ಸ್ಥಳಕ್ಕೆ ದೊಡ್ಡ ಸೈನ್ಯವನ್ನೂ ಭಾರದ ಫಿರಂಗಿಗಳನ್ನೂ ತಂದು, ತಿಂಗಳುಗಟ್ಟಲೆ ಅನ್ನವಿಕ್ಕುವುದು ಅವರಿಂದ ಆಗದ ಮಾತು ಎಂಬುದು ಫ್ರೆಂಚರ ತೀರ್ಮಾನವಾಗಿತ್ತು.

ಈ ತೀರ್ಮಾನ ತೀರ ಅವಿವೇಕದ್ದೇನಲ್ಲ. ನೀವೇ ಒಂದು ಲೆಕ್ಕ ಮಾಡಿ ನೋಡಿ. ಕರಾವಳಿಯ ಬಯಲಿನ ಥಾನ್ ಹೋವಾ ಪ್ರಾಂತದಿಂದ ಒಬ್ಬಾತ ಅಡ್ಡೆಯ ಮೇಲೆ 20 ಕಿಲೋ ಅಕ್ಕಿ ಹೊತ್ತು ಹೊರಟನೆನ್ನಿ. ದಾರಿ 500 ಕಿಲೋಮೀಟರು. ಹೊರೆ ಹೊತ್ತು ದಿನಕ್ಕೆ 25 ಕಿಲೋಮೀಟರು ನಡೆದರೆ ಇಪ್ಪತ್ತು ದಿನ. ದಿನಕ್ಕೆ ಒಂದು ಕಿಲೋ ಉಂಡರೆ, ರಣರಂಗ ಮುಟ್ಟುವ ಹೊತ್ತಿಗೆ ಬುಟ್ಟಿ ಬರಿದು. ಸೈನಿಕನಿಗೆ ಒಂದು ಹಿಡಿ ಅಕ್ಕಿಯೂ ಉಳಿಯಲಿಲ್ಲ. ಹೊತ್ತವನು ಹಿಂದಿರುಗುವುದಕ್ಕೆ ಬುತ್ತಿಯೂ ಇಲ್ಲ! ಸಾವಿರ ಮಂದಿಯನ್ನು ಕಳುಹಿಸಿದರೂ ಫಲ ಅಷ್ಟೇ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಈಗ ಅದೇ ಮನುಷ್ಯನ ಕೈಗೆ ಒಂದು ಸೈಕಲ್ಲು ಕೊಡಿ. ಅವನು ಅದನ್ನು ಹತ್ತಿ ತುಳಿಯುವುದಿಲ್ಲ, ನೂಕುತ್ತಾನೆ. ಹೊರೆಯನ್ನು ಗಾಲಿಗಳು ಹೊರುತ್ತವೆ, ಕಾಲುಗಳು ನಡೆಯುತ್ತವೆ. ಹೀಗೆ 200 ಕಿಲೋ ಅಕ್ಕಿ ಸಾಗುತ್ತದೆ. ಹೋಗುವಾಗ ಇಪ್ಪತ್ತು, ಬರುವಾಗ ಇಪ್ಪತ್ತು ಕಳೆದರೂ 160 ಕಿಲೋ ಉಳಿಯಿತು. ಫ್ರೆಂಚರ ತೀರ್ಮಾನಕ್ಕೆ ಸಿಕ್ಕದೆ ಹೋದದ್ದು ಮುಖ್ಯವಾಗಿ ಈ ವ್ಯತ್ಯಾಸ.

ನೂಕುವ ಸೈಕಲ್ಲನ್ನು ಹಳ್ಳಿಯ ಜನರೇ ತಮ್ಮ ಬುದ್ಧಿಯಿಂದ ಹದಗೊಳಿಸಿಕೊಂಡರು. ಹ್ಯಾಂಡಲ್ಲಿಗೆ ಒಂದು ಉದ್ದನೆಯ ಬಿದಿರನ್ನು ಬಿಗಿದರು. ಹೊರೆಯ ಪಕ್ಕದಲ್ಲಿ ನಡೆಯುತ್ತಲೇ ದಿಕ್ಕು ತಿರುಗಿಸುವುದಕ್ಕೆ ಅದು ಚುಕ್ಕಾಣಿ. ಸೀಟಿನ ಹಿಂದೆ ನೆಟ್ಟಗೆ ಇನ್ನೊಂದು ಕೋಲು. ಅದು ನೂಕುವುದಕ್ಕೆ ಮತ್ತು ತೋಲ ತಪ್ಪದಂತೆ ಹಿಡಿಯುವುದಕ್ಕೆ. ಚೌಕಟ್ಟು ಮುರಿಯದಂತೆ ಮರದ ಇಲ್ಲವೆ ಕಬ್ಬಿಣದ ಊರೆಗಳು. ಟೈರಿನ ಒಳಗೆ ಹಳೆಯ ಬಟ್ಟೆ, ಹರಿದ ಟ್ಯೂಬಿನ ಪಟ್ಟಿ. ಪಳಗಿದವರು ಒಂದು ಸಲಕ್ಕೆ 300 ಕಿಲೋಗೂ ಹೆಚ್ಚು ಸಾಗಿಸಿದ್ದುಂಟು. ಈ ಸೈಕಲ್ಲುಗಳಲ್ಲಿ ಹಲವು ಫ್ರಾನ್ಸಿನ ಪ್ಯೂಜೋ ಕಾರ್ಖಾನೆಯವೇ ಆಗಿದ್ದುದು ವಿಧಿಯ ವಿನೋದವೆನ್ನಬೇಕು.

ಹೀಗೆ ದುಡಿದ ಸೈಕಲ್ಲುಗಳು ಸುಮಾರು 20,000. ಹೊರೆಯಾಳುಗಳಾಗಿಯೂ ದಾರಿ ಕಡಿಯುವವರಾಗಿಯೂ ಸೇರಿದ ಜನ ಎರಡೂವರೆ ಲಕ್ಷಕ್ಕೆ ಮೇಲ್ಪಟ್ಟು ಎಂದು ವಿಯೆಟ್ನಾಮಿನ ಲೆಕ್ಕಗಳು ಹೇಳುತ್ತವೆ. ಇವರಲ್ಲಿ ಹೆಂಗಸರೂ ಬಹಳ. ಹಗಲೆಲ್ಲ ಕಾಡಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಡುತ್ತಿದ್ದರು. ರಸ್ತೆಗಳು ಕೂಡುವ ಕೋ ನೋಯ್ ಎಂಬಲ್ಲಿ, ಫಾ ದಿನ್ ಘಟ್ಟದಲ್ಲಿ, ಫ್ರೆಂಚ್ ವಿಮಾನಗಳು ಮತ್ತೆ ಮತ್ತೆ ಬಾಂಬು ಸುರಿದವು. ಕುಸಿದ ದಾರಿಯನ್ನು ರಾತ್ರಿಯಲ್ಲೇ ತುಂಬಿ ಸರಿಪಡಿಸಬೇಕು. ಆ ಕೆಲಸದಲ್ಲಿ ಸತ್ತ ತರುಣ ತರುಣಿಯರಿಗಾಗಿ ಕೋ ನೋಯ್‌ನಲ್ಲಿ ಇಂದು ಸ್ಮಾರಕವಿದೆ.

ವಿಯೆಟ್ನಾಮೀ ಸೇನಾಪತಿ ವೋ ನ್ಗುಯೆನ್ ಜಿಯಾಪ್ ಮೊದಲು ಹನೋಯಿನ ಶಾಲೆಯೊಂದರಲ್ಲಿ ಚರಿತ್ರೆಯ ಉಪಾಧ್ಯಾಯನಾಗಿದ್ದವನು. 1954ರ ಜನವರಿ ಕೊನೆಯಲ್ಲಿ ನಡೆಯಬೇಕಾಗಿದ್ದ ದಾಳಿಯನ್ನು, ಸಿದ್ಧತೆ ಸಾಲದೆಂದು, ಆತ ಕಡೆಯ ಗಳಿಗೆಯಲ್ಲಿ ತಡೆದನು. ಕಾಯುವುದೆಂದರೇನು? ಇನ್ನೂ ಅಷ್ಟು ದಿನಗಳ ಅಕ್ಕಿ! ಆ ಅಕ್ಕಿಯನ್ನು ಜನ ಒದಗಿಸಿದರು. ಮಾರ್ಚ್ 13ರಂದು, ಹಗ್ಗ ಕಟ್ಟಿ ಮನುಷ್ಯರೇ ಬೆಟ್ಟಕ್ಕೆಳೆದು ಬಚ್ಚಿಟ್ಟಿದ್ದ ಫಿರಂಗಿಗಳು ಗುಡುಗಿದವು. ಆ ತಿಂಗಳು ಮುಗಿಯುವಷ್ಟರಲ್ಲಿ ಕಣಿವೆಯಲ್ಲಿ ವಿಮಾನ ಇಳಿಯುವಂತಿರಲಿಲ್ಲ. ವಿಮಾನವನ್ನೇ ನಂಬಿದ್ದವರಿಗೆ ಈಗ ಪ್ಯಾರಾಚೂಟಿನಲ್ಲಿ ಬಿದ್ದದ್ದೇ ಆಹಾರ. ಅದರಲ್ಲಿಯೂ ಒಂದು ಭಾಗ ಎದುರಾಳಿಯ ಪಾಲು. ಮೇ 7ರಂದು ಕೋಟೆ ಬಿದ್ದಿತು. ಸುಮಾರು 10,000 ಮಂದಿ ಸೆರೆಯಾದರು. ಅವರಲ್ಲಿ ಅನೇಕರು ಮರಳಿ ಮನೆ ಕಾಣಲಿಲ್ಲ. ಗೆದ್ದವರ ಕಡೆಯಲ್ಲಿಯೂ ಸಾವಿರಾರು ಜನ ಮಡಿದಿದ್ದರು. ಜುಲೈನಲ್ಲಿ ಜಿನೀವಾದಲ್ಲಿ ಒಪ್ಪಂದವಾಯಿತು. ಅದರ ಪಾಲನೆಯನ್ನು ನೋಡಿಕೊಳ್ಳಲು ನೇಮಕವಾದ ಅಂತರರಾಷ್ಟ್ರೀಯ ಆಯೋಗಕ್ಕೆ ನಮ್ಮ ದೇಶದ್ದೇ ಅಧ್ಯಕ್ಷಸ್ಥಾನ. ಅದೇ ಅಕ್ಟೋಬರಿನಲ್ಲಿ ನೆಹರೂ ಅವರು ಹನೋಯಿಗೆ ಭೇಟಿಯಿತ್ತರು.

ಸೈಕಲ್ಲೊಂದರಿಂದಲೇ ಯುದ್ಧ ಗೆದ್ದಿತೆಂದರೆ ಅದು ಅತಿಶಯೋಕ್ತಿ. ಲಾರಿಗಳೂ ದುಡಿದವು, ನದಿಯ ತೆಪ್ಪಗಳೂ ದುಡಿದವು, ಚೀನದಿಂದ ಶಸ್ತ್ರಾಸ್ತ್ರಗಳೂ ಬಂದವು. ಆದರೆ ಲಾರಿ ನಿಂತ ಕಡೆ ಸೈಕಲ್ಲು ನಿಲ್ಲಲಿಲ್ಲ ಎಂಬುದು ದಿಟ.

ಈಗ ನನ್ನ ಶಿಷ್ಯನ ಕೆಂಪು ಗೆರೆಗೆ ಬರೋಣ. ನೀವೂ ಹೊರಡುವವರಾದರೆ ಇದನ್ನು ಬರೆದಿಟ್ಟುಕೊಳ್ಳಿ. ಹನೋಯಿನಿಂದ ಹೋವಾ ಬಿನ್ ಸುಮಾರು 75 ಕಿಲೋಮೀಟರು; ಇದು ಒಂದು ದಿನದ ಸುಖದ ದಾರಿ. ಅಲ್ಲಿಂದ ಘಟ್ಟ ಹತ್ತಿಳಿದು ಮಾಯ್ ಚಾವ್ ಕಣಿವೆಗೆ ಒಂದು ದಿನ. ಸಾವಿರ ಮೀಟರು ಎತ್ತರದ ಮೋಕ್ ಚಾವ್ ಪ್ರಸ್ಥಭೂಮಿಗೆ ಇನ್ನೊಂದು ದಿನ. ಇಲ್ಲಿ ಚಹದ ತೋಟಗಳು ಕಣ್ಣು ತುಂಬುತ್ತವೆ. ಮುಂದೆ ಸೋನ್ ಲಾ ಪಟ್ಟಣಕ್ಕೆ ಎರಡು ದಿನ ಬೇಕು. ನಡುವೆ ಕೋ ನೋಯ್‌ನಲ್ಲಿ ಇಳಿದು ನಿಲ್ಲಿ. ಸೋನ್ ಲಾದಲ್ಲಿ 1908ರಲ್ಲಿ ಫ್ರೆಂಚರು ಕಟ್ಟಿಸಿದ ಸೆರೆಮನೆಯನ್ನು ನೋಡಿ. ಅದರಾಚೆ 32 ಕಿಲೋಮೀಟರು ಉದ್ದದ ಫಾ ದಿನ್ ಘಟ್ಟ. ನೆತ್ತಿಯ ಎತ್ತರ 1,600 ಮೀಟರಿಗೆ ಮೇಲು. ಅಲ್ಲಿಯ ತಾಯ್ ಜನರ ನುಡಿಯಲ್ಲಿ ಆ ಹೆಸರಿಗೆ ಬಾನು–ಭೂಮಿ ಎಂದೇ ಅರ್ಥ. ಘಟ್ಟವಿಳಿದು ತುವಾನ್ ಜಿಯಾವೋದಲ್ಲಿ ತಂಗಿದರೆ, ಮಾರನೆಯ ದಿನ 80 ಕಿಲೋಮೀಟರಿಗೆ ಡಿಯೆನ್ ಬಿಯೆನ್ ಫು. ಅಂತೂ ಏಳು ದಿನ. ವಿಶ್ರಾಂತಿಗೆ ಒಂದು ದಿನ ಹೆಚ್ಚು ಇಟ್ಟುಕೊಂಡರೆ ಎಂಟು. ಮಳೆಗಾಲದಲ್ಲಿ ಗುಡ್ಡ ಜರಿಯುವುದರಿಂದ ಅಕ್ಟೋಬರಿನಿಂದ ಮಾರ್ಚಿಯವರೆಗೆ ಹೋಗುವುದು ಲೇಸು. ಸಾಮಾನು ಕಟ್ಟುವಾಗ ಪ್ರತಿಯೊಂದನ್ನೂ ತೂಗಿ ನೋಡಿ. ಬಯಲಿನಲ್ಲಿ ಲೆಕ್ಕಕ್ಕೆ ಬಾರದ ಒಂದು ಕಿಲೋ, ಏರಿನಲ್ಲಿ ತಾನೇ ಲೆಕ್ಕ ಕೇಳುತ್ತದೆ.

ಫಾ ದಿನ್‌ನಲ್ಲಿ ಈಗ ಏರು ಕಡಮೆಯಾದ ಹೊಸ ರಸ್ತೆಯೂ ಇದೆ. "ಹಳೆಯ ದಾರಿಯಲ್ಲೇ ಹೋಗು" ಎಂದು ಶಿಷ್ಯನಿಗೆ ಹೇಳಿದೆ. "ತುಳಿಯಲಾಗದಿದ್ದರೆ?" ಎಂದ. "ಇಳಿದು ನೂಕು. ಅದರಲ್ಲಿ ನಾಚಿಕೆಯೇನಿಲ್ಲ. ಆ ಘಟ್ಟವನ್ನು ಚರಿತ್ರೆಗೆ ಸೇರಿಸಿದವರು ಯಾರೂ ಸೈಕಲ್ಲು ಹತ್ತಿ ಹೋದವರಲ್ಲ" ಎಂದೆ. ಅವನು ಸ್ವಲ್ಪ ಹೊತ್ತು ಭೂಪಟವನ್ನೇ ನೋಡುತ್ತಿದ್ದು, ಐದು ಎಂದು ಬರೆದಿದ್ದನ್ನು ಹೊಡೆದು ಎಂಟು ಎಂದು ತಿದ್ದಿದ.