ಚಕ್ಕಡಿಯಿಂದ ಕ್ರೂಸರ್‌ಗೆ: ಆಟಕ್ಕೆ ಹೊರಟ ಮಕ್ಕಳ ದಾರಿ

ಆಗಸ್ಟ್ ತಿಂಗಳು ಬಂತೆಂದರೆ ಶಾಲಾ ಕ್ರೀಡಾಕೂಟಗಳ ಹಂಗಾಮು. ಮುಧೋಳ ಸೀಮೆಯ ಯಾವುದಾದರೂ ಊರಿನ ಅಗಸಿಯ ಮುಂದೆ ನಸುಕಿನಲ್ಲಿ ನಿಂತರೆ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಎಂಜಿನ್ ಆರಿಸದೆ ನಿಂತ ಒಂದು ಕ್ರೂಸರ್ ಗಾಡಿ, ಅದರ ಸುತ್ತ ಒಂದೇ ಬಣ್ಣದ ಬನಿಯನ್ ತೊಟ್ಟ ಹುಡುಗರು, ಅವರ ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ. ಕಬಡ್ಡಿ ತಂಡವೆಂದರೆ 12 ಮಂದಿ. ಅಂಕಣದಲ್ಲಿ ಏಳು, ಹೊರಗೆ ಕಾಯುವವರು ಐದು. ಕ್ರೂಸರ್‌ನಲ್ಲೂ ಚಾಲಕನನ್ನು ಬಿಟ್ಟು 12 ಜನಕ್ಕೆ ಜಾಗ. ಲೆಕ್ಕ ಸರಿಹೋಯಿತು ಎನ್ನುವಷ್ಟರಲ್ಲಿ ದೈಹಿಕ ಶಿಕ್ಷಕರು ಬರುತ್ತಾರೆ. ಬಾಡಿಗೆಗೆ ಅರ್ಧ ಹಣ ಕೊಟ್ಟ ಪಾಲಕರೊಬ್ಬರೂ ಬರುತ್ತಾರೆ. ಆಗ ಬದಲಿ ಆಟಗಾರರಲ್ಲಿ ಕೊನೆಯವನು ಒಂದೋ ಯಾರದಾದರೂ ತೊಡೆಯೇರಬೇಕು, ಇಲ್ಲವೇ ಮನೆಗೆ ಮರಳಬೇಕು.

ಮಕ್ಕಳನ್ನು ಆಟಕ್ಕಾಗಿಯೇ ಊರಿಂದೂರಿಗೆ ಕರೆದೊಯ್ಯುವ ಈ ಪರಿಪಾಠ ಈಗ ಎಷ್ಟು ಸಹಜವೆನಿಸಿದೆಯೆಂದರೆ, ಅದಕ್ಕೊಂದು ಚರಿತ್ರೆ ಇದೆಯೆಂಬುದೇ ಮರೆತುಹೋಗಿದೆ. ಈ ಭಾಗದಲ್ಲಿ ಎರಡು ಮೂರು ತಲೆಮಾರಿನ ಹಿಂದೆ ಆಟಕ್ಕೆಂದೇ ಯಾರೂ ಗಾಡಿ ಹೂಡುತ್ತಿರಲಿಲ್ಲ. ಹಾಗೆಂದು ಮಕ್ಕಳು ಆಡಲು ಪರ ಊರಿಗೆ ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದರು, ಧಾರಾಳವಾಗಿ ಹೋಗುತ್ತಿದ್ದರು. ಆಗ ಚಕ್ಕಡಿ ಹೊರಡುತ್ತಿದ್ದುದು ಜಾತ್ರೆಗೆ. ಆಟವೂ ಜಾತ್ರೆಯಲ್ಲೇ ಇರುತ್ತಿತ್ತು.

ಕುಸ್ತಿಯನ್ನೇ ನೋಡಿ. ಸ್ವಾತಂತ್ರ್ಯಪೂರ್ವದಲ್ಲಿ ಈ ಸೀಮೆ ಹರಿದು ಹಂಚಿಹೋಗಿತ್ತು. ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು, ತೇರದಾಳ ಸಾಂಗ್ಲಿ ಸಂಸ್ಥಾನದ್ದು. ಆಳುವವರು ಬೇರೆಯಾದರೂ ಎಲ್ಲ ಕಡೆಗೂ ಗರಡಿಮನೆಗಳಿದ್ದವು, ಎಲ್ಲ ಜಾತ್ರೆಗಳಿಗೂ ಕುಸ್ತಿ ಕಣ ಇರುತ್ತಿತ್ತು. ತೇರು ಎಳೆದ ಮರುದಿನ ಹಲಗಿ ಬಡಿತದೊಂದಿಗೆ ಕುಸ್ತಿ ಶುರು. ಮೊದಲು ಹುಡುಗರ ಜೋಡಿಗಳು. ಅವರಿಗೆ ತೆಂಗಿನಕಾಯಿಯೋ ಬತ್ತಾಸೋ ಬಹುಮಾನ. ಬೆಳ್ಳಿ ಕಡಗದ ಜೋಡಿಗಳು ಹೊತ್ತು ಮುಳುಗುವ ಮುನ್ನ. ಹುಡುಗನನ್ನು ಅಲ್ಲಿಗೆ ತಂದದ್ದು ಮನೆಯ ಕೊಲ್ಲಾರಿ ಬಂಡಿ. ಅದರಲ್ಲಿ ಅಜ್ಜಿ ಹರಕೆ ತೀರಿಸಲು, ತಾಯಿ ಬಳೆ ಇಡಿಸಿಕೊಳ್ಳಲು, ತಂದೆ ಎತ್ತಿನ ಜೋಡಿ ನೋಡಲು ಬಂದಿರುತ್ತಿದ್ದರು. ಹುಡುಗನ ಕುಸ್ತಿಗೆ ಬಿಡಿಗಾಸಿನ ಪ್ರಯಾಣ ವೆಚ್ಚವೂ ತಗಲುತ್ತಿರಲಿಲ್ಲ.

ಸ್ವಲ್ಪ ಹೆಸರು ಮಾಡಿದ ಪೈಲ್ವಾನರ ದಾರಿ ಬೇರೆ. ಅವರ ಕಣ್ಣು ಕೊಲ್ಹಾಪುರದ ಮೇಲೆ. ಶಾಹೂ ಮಹಾರಾಜರು ಅಲ್ಲಿ 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದ ಮೇಲೆ ಆ ಊರು ದಕ್ಷಿಣದ ಮಲ್ಲರ ಯಾತ್ರಾಸ್ಥಳವಾಯಿತು. ಮುಧೋಳಕ್ಕಾಗಲೀ ಜಮಖಂಡಿಗಾಗಲೀ ರೈಲು ಇರಲಿಲ್ಲ. ಪೂರ್ವಕ್ಕೆ ಗದಗ–ಹೊಟಗಿ ಮಾರ್ಗದ ಬಾಗಲಕೋಟೆ, ಪಶ್ಚಿಮಕ್ಕೆ ಕೃಷ್ಣೆಯ ದಂಡೆಯ ಕುಡಚಿ, ಇವೆರಡೇ ಆಸರೆ. ಚಕ್ಕಡಿಯಲ್ಲಿ ಕುಡಚಿ, ಅಲ್ಲಿಂದ ರೈಲಿನಲ್ಲಿ ಮೀರಜ್, ಮೀರಜದಿಂದ 1891ರಲ್ಲಿ ತೆರೆದ ಕವಲು ಮಾರ್ಗದಲ್ಲಿ ಕೊಲ್ಹಾಪುರ. ಹೀಗೆ ಬಿಟ್ಟುಬಂದ ಮಗ ತಾಲೀಮಿನಲ್ಲೇ ಉಳಿಯುತ್ತಿದ್ದ. ಮನೆಯವರಿಗೆ ಭಾರವಾಗುತ್ತಿದ್ದುದು ಹಾಲು, ತುಪ್ಪ, ಬಾದಾಮಿಯ ಖುರಾಕು. ವಾರವಾರ ಓಡಾಟದ ಮಾತೇ ಇರಲಿಲ್ಲ.

ಜಾತ್ರೆ ಬಿಟ್ಟು ಶಾಲೆಗೆ

ಈ ವ್ಯವಸ್ಥೆ ಅಲುಗಿದ್ದು ಸ್ವಾತಂತ್ರ್ಯಾನಂತರ. 1948ರ ಮಾರ್ಚ್ 8ರಂದು ಮುಧೋಳ, ಜಮಖಂಡಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1954ರಲ್ಲಿ ಭಾರತ ಶಾಲಾ ಕ್ರೀಡಾ ಒಕ್ಕೂಟ ಹುಟ್ಟಿತು. 1956ರ ನವೆಂಬರ್ 1ರಂದು ಈ ಭಾಗ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಮೂರಕ್ಕೂ ಪರಸ್ಪರ ಸಂಬಂಧವಿಲ್ಲ ಎನಿಸಬಹುದು. ಆಟವಾಡುವ ಮಗುವಿನ ಮಟ್ಟಿಗೆ ಸಂಬಂಧವಿದೆ. ಆಟ ಈಗ ದೇವರ ಪಂಚಾಂಗವನ್ನು ಬಿಟ್ಟು ಇಲಾಖೆಯ ವೇಳಾಪಟ್ಟಿಗೆ ಬಂತು. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲುಗಳಾದವು. ಗೆದ್ದಂತೆಲ್ಲ ದೂರ ಹೋಗಬೇಕು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮುಧೋಳದ ಮಗುವಿಗೆ ಜಿಲ್ಲಾ ಮಟ್ಟವೆಂದರೆ ಕೃಷ್ಣೆಯಾಚೆಯ ವಿಜಾಪುರ. ವಿಭಾಗವೆಂದರೆ ಬೆಳಗಾವಿ, ರಾಜ್ಯವೆಂದರೆ 500 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರು, ಮೈಸೂರು. ಅಲ್ಲಿ ಅಜ್ಜಿಯ ಹರಕೆಯೂ ಇಲ್ಲ, ತಂದೆಗೆ ದನದ ಸಂತೆಯೂ ಇಲ್ಲ. ಮಗುವಿನ ಆಟವೊಂದಕ್ಕಾಗಿ ಹೋಗಬೇಕು, ಒಂದು ದಿನದ ಕೂಲಿ ಕಳೆದುಕೊಳ್ಳಬೇಕು.

ಮೊದಲ ಆಸರೆ ಸರಕಾರಿ ಬಸ್ಸು. ಮುಂಬಯಿ ಪ್ರಾಂತ್ಯದಲ್ಲಿ ಸರಕಾರಿ ಸಾರಿಗೆ 1948ರ ಜೂನ್‌ನಲ್ಲಿ ಆರಂಭವಾಗಿತ್ತು. ಹಳ್ಳಿಗಳಿಗೆ ಅದು ಹಬ್ಬಲು ದಶಕಗಳೇ ಹಿಡಿದವು. ಇನ್ನುಳಿದದ್ದು ಸೈಕಲ್ಲು. ಡ್ರಿಲ್ ಮಾಸ್ತರರ ಸೈಕಲ್ಲಿನ ಹಿಂದೊಬ್ಬ, ಮುಂದಿನ ದಂಡಿಗೆಯ ಮೇಲೊಬ್ಬ ಹುಡುಗ ಕೂತು ವಲಯ ಮಟ್ಟದ ಓಟಕ್ಕೆ ಹೋಗುವುದು ಅಪರೂಪವೇನೂ ಆಗಿರಲಿಲ್ಲ. ಈ ಕಾಲದ ‘ಕುಟುಂಬದ ವಾಹನ’ ಬಹಳ ಸಲ ಮಾಸ್ತರರ ವಾಹನವೇ ಆಗಿತ್ತೆಂಬುದನ್ನು ಮರೆಯಬಾರದು. ಅವರ ಸ್ವಂತ ಕಿಸೆಯಿಂದ ಹೋದ ಹಣ ಯಾವ ದಾಖಲೆಯಲ್ಲೂ ಇಲ್ಲ.

1972ರಲ್ಲಿ ಲೂನಾ ಬಂತು, ಅದೇ ವರ್ಷ ಬಜಾಜ್ ಚೇತಕ್ ಬಂತು. 1980ರಲ್ಲಿ ಇಬ್ಬರು ಕೂರಬಹುದಾದ ಟಿವಿಎಸ್ 50. ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲವದು. ಪಾಳಿ ಬಂದು ಗಾಡಿ ಮನೆಗೆ ತಲುಪುವ ಹೊತ್ತಿಗೆ ಆಟವಾಡುತ್ತಿದ್ದ ಮಗ ಕಾಲೇಜು ಮುಗಿಸಿರುತ್ತಿದ್ದ.

1983ರ ಎರಡು ಗಾಡಿಗಳು

ವಾಹನ ಚರಿತ್ರೆಯಲ್ಲಿ 1983 ಒಂದು ಸ್ವಾರಸ್ಯದ ವರ್ಷ. ಆ ನವೆಂಬರ್‌ನಲ್ಲಿ ಕ್ರೈಸ್ಲರ್ ಕಂಪನಿಯ ಮೊದಲ ಮಿನಿವ್ಯಾನ್ ಕಾರ್ಖಾನೆಯಿಂದ ಹೊರಬಂತು. ಅಮೆರಿಕದ ತಾಯಂದಿರು ಮಕ್ಕಳನ್ನೂ ಅವರ ಗೆಳೆಯರನ್ನೂ ಚೆಂಡು ಚೀಲಗಳನ್ನೂ ತುಂಬಿಕೊಂಡು ಶನಿವಾರ ಶನಿವಾರ ಮೈದಾನ ಸುತ್ತತೊಡಗಿದ್ದು ಅಂಥ ಗಾಡಿಗಳಲ್ಲಿ. 1996ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ‘ಸಾಕರ್ ಮಾಮ್’ ಎಂಬ ಹೆಸರಿನಲ್ಲಿ ಆ ತಾಯಂದಿರನ್ನು ಒಂದು ಮತದಾರ ವರ್ಗವೆಂದೇ ಗಣಿಸಲಾಯಿತು. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳೂ ಈ ಪದ್ಧತಿಗೆ ಹೊರತಲ್ಲ. ಮಗನ ಕ್ರಿಕೆಟ್‌ಗೋ ಮಗಳ ಸಾಕರ್‌ಗೋ ಮೂರು ನಾಲ್ಕು ತಾಸು ಗಾಡಿ ಓಡಿಸುವುದು ಅಲ್ಲಿ ವಾರಾಂತ್ಯದ ಸಾಮಾನ್ಯ ಕೆಲಸ.

ಅದೇ ವರ್ಷದ ಡಿಸೆಂಬರ್ 14ರಂದು ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನು ಒಡೆಯರಿಗೆ ಒಪ್ಪಿಸಿದರು. ಮರುವರ್ಷ ಬಂದ ಮಾರುತಿ ವ್ಯಾನ್‌ಗೆ 1988ರಲ್ಲಿ ಓಮ್ನಿ ಎಂದು ಹೆಸರಾಯಿತು. ದೊಡ್ಡ ನಗರಗಳಲ್ಲಿ ಮಧ್ಯಮ ವರ್ಗದ ತಂದೆತಾಯಿಗಳು ಮಕ್ಕಳನ್ನು ಈಜುಕೊಳಕ್ಕೆ, ಟೆನಿಸ್ ಅಂಗಳಕ್ಕೆ ಸ್ವಂತ ಕಾರಿನಲ್ಲಿ ಕರೆದೊಯ್ಯಲು ಆರಂಭಿಸಿದ್ದು ಈ ಗಾಡಿಗಳಿಂದ. ಮುಧೋಳದಲ್ಲಿ ಕಾರು ಬಂದದ್ದು ಡಾಕ್ಟರರ, ವಕೀಲರ, ಸಕ್ಕರೆ ಕಾರ್ಖಾನೆಯ ಅಧಿಕಾರಿಗಳ ಮನೆಗೆ. ಕಬಡ್ಡಿ, ಖೊಖೊ, ಕುಸ್ತಿ ಆಡುವ ಮಕ್ಕಳಿದ್ದ ಮನೆಗಳು ಬೇರೆ. ಈ ಭಾಗದ ಆಟಗಳು ತಂಡದ ಆಟಗಳು ಎಂಬುದೂ ಒಂದು ಕಾರಣ. ನಾಲ್ವರು ಕೂರುವ ಕಾರಿನಲ್ಲಿ ಖೊಖೊ ತಂಡ ಹಿಡಿಯುವುದೆಲ್ಲಿ?

ಇಲ್ಲಿಯ ಮಕ್ಕಳಿಗೆ ಒದಗಿದ್ದು ಪುಣೆಯ ಬಜಾಜ್ ಟೆಂಪೊ ಕಂಪನಿಯ ಗಾಡಿಗಳು. ಮೊದಲು ಮ್ಯಾಟಡೋರ್, 1980ರ ದಶಕದ ಕೊನೆಗೆ ಟ್ರ್ಯಾಕ್ಸ್, ಆಮೇಲೆ ಅದೇ ಮನೆತನದ ಕ್ರೂಸರ್. (ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿತು. ಊರ ಜನಕ್ಕೆ ಅದು ಇಂದಿಗೂ ಟ್ರ್ಯಾಕ್ಸೇ.) 1994ರಲ್ಲಿ ಟಾಟಾ ಸುಮೊ ಬಂದಾಗ ಗರಡಿಮನೆಗಳ ಸೀಮೆಗೆ ಜಪಾನಿನ ಜಟ್ಟಿಗಳೇ ನೆನಪಾಗಿದ್ದರೆ ತಪ್ಪಿಲ್ಲ. ನಿಜಕ್ಕೂ ಆ ಹೆಸರು ಕಂಪನಿಯ ಹಿರಿಯ ಸುಮಂತ್ ಮೂಲಗಾಂವಕರ್ ಅವರ ಹೆಸರಿನ ಮೊದಲಕ್ಷರಗಳಿಂದ ಮಾಡಿದ್ದು.

ಘಟಪ್ರಭೆಯ ನೀರು ಹೊಲಕ್ಕೆ ಹರಿದು ಕಬ್ಬು ಬೆಳೆದ ಮನೆಗಳು ಇಂಥ ಗಾಡಿಗಳನ್ನು ಕೊಂಡವು. ಆಟಕ್ಕೆಂದು ಕೊಂಡದ್ದಲ್ಲ. ಪಂಢರಪುರ, ತುಳಜಾಪುರ, ಶ್ರೀಶೈಲ, ಸವದತ್ತಿ ಯಲ್ಲಮ್ಮನ ಗುಡ್ಡ, ಮದುವೆ ದಿಬ್ಬಣ, ಚುನಾವಣೆಯ ಬಾಡಿಗೆ, ಇವುಗಳಿಂದ ಗಾಡಿಯ ಕಂತು ತೀರುತ್ತಿತ್ತು. ಯಾತ್ರೆ ಇಲ್ಲದ ಮಳೆಗಾಲದ ಖಾಲಿ ದಿನಗಳಲ್ಲಿ ಅದು ಕ್ರೀಡಾಕೂಟಕ್ಕೆ ಅಗ್ಗವಾಗಿ ಸಿಗುತ್ತಿತ್ತು. ಜಾತ್ರೆಗೂ ಆಟಕ್ಕೂ ಕಡಿದುಹೋಗಿದ್ದ ನಂಟು ಹೀಗೆ ಹಿಂಬಾಗಿಲಿನಿಂದ ಮತ್ತೆ ಕೂಡಿಕೊಂಡಿತೆನ್ನಬೇಕು.

ಆದರೆ ಇದರೊಳಗೊಂದು ಅಪಾಯ ಅಡಗಿದೆ. ಮನೆಬಳಕೆಗೆಂದು ನೋಂದಾಯಿಸಿದ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ಅಪಘಾತವಾದರೆ ವಿಮೆ ಕಂಪನಿ ತಕರಾರು ಎತ್ತುವುದು ಮೊದಲು ಅಲ್ಲಿಯೇ. ಕ್ರೂಸರ್‌ಗೂ ಹಣ ಹೊಂದದ ಕಡೆ ಮಕ್ಕಳನ್ನು ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ, 2005ರಲ್ಲಿ ಬಂದ ಟಾಟಾ ಏಸ್‌ನ ಹಿಂಬದಿಯಲ್ಲಿ ನಿಲ್ಲಿಸಿಕೊಂಡು ಹೋಗುವುದುಂಟು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸರಕು ಗಾಡಿಯಲ್ಲಿ ಪ್ರಯಾಣಿಕರನ್ನು ಒಯ್ಯುವುದು ಅಪರಾಧ. ಪಂದ್ಯ ಮುಗಿಸಿ ಮಕ್ಕಳು ಮರಳುವುದು ರಾತ್ರಿ. ಅದೇ ರಸ್ತೆಯಲ್ಲಿ, ಅಕ್ಟೋಬರ್ ದಾಟಿದರೆ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ. ಪಾಲಕರಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಕೇಳಿದರೆ ಗಾಡಿಯೇ ಇಲ್ಲವಾದೀತು, ಗಾಡಿ ಇಲ್ಲದಿದ್ದರೆ ಆಟವೇ ಇಲ್ಲವಾದೀತು ಎಂಬ ಅಂಜಿಕೆ.

ಸೈಕಲ್ಲಿಗೂ ಒಂದು ಸೀಟು

ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ರಾಜ್ಯಕ್ಕೆ ಒಳ್ಳೊಳ್ಳೆಯ ಸೈಕಲ್ ಸವಾರರನ್ನು ಕೊಟ್ಟಿವೆ. ಸವಾರಿ ಮಾಡುತ್ತಲೇ ಊರಿಂದೂರಿಗೆ ಹೋಗಬಹುದಲ್ಲ ಎಂದು ಹೊರಗಿನವರು ಭಾವಿಸಬಹುದು. ವಾಸ್ತವದಲ್ಲಿ ಇವರ ಪ್ರಯಾಣವೇ ಎಲ್ಲರಿಗಿಂತ ಕಷ್ಟದ್ದು. ಸವಾರನ ಜೊತೆಗೆ ಸೈಕಲ್ಲಿಗೂ ಜಾಗ ಬೇಕು. ಪೈಪೋಟಿಯ ಸೈಕಲ್ಲಿನ ಬೆಲೆ ಲಕ್ಷ ದಾಟುತ್ತದೆ. ಕಾರ್ಬನ್ ಚೌಕಟ್ಟಿಗೆ ಒಂದು ಪೆಟ್ಟು ಬಿದ್ದರೆ ಕೂದಲೆಳೆಯ ಬಿರುಕು ಮೂಡಿ ಇಡೀ ಚೌಕಟ್ಟೇ ಕೆಟ್ಟಂತೆ. ಹಳೆಯ ಬಸ್ಸುಗಳ ಮೇಲೆ ಸೈಕಲ್ ಕಟ್ಟುವ ಕಟಾಂಜನವಾದರೂ ಇತ್ತು. ಈಗ ಚಕ್ರ ಬಿಚ್ಚಿ, ಚೌಕಟ್ಟಿಗೆ ಅವ್ವ ಹೊಲಿದ ಕೌದಿ ಸುತ್ತಿ, ಕ್ರೂಸರ್ ನೆತ್ತಿಯ ಮೇಲೆ ಹಗ್ಗದಿಂದ ಬಿಗಿಯುತ್ತಾರೆ. ದಾರಿಯುದ್ದಕ್ಕೂ ಯಾರಾದರೊಬ್ಬರು ಕಿಟಕಿಯಿಂದ ತಲೆ ಹೊರಹಾಕಿ ಹಗ್ಗ ನೋಡುತ್ತಿರಬೇಕು.

ಸರಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ ಅದರ ಉದ್ದೇಶ ಶಾಲೆಗೆ ಬರುವುದು. ಆದರೆ ಸಂಜೆ ಮೈದಾನದಲ್ಲಿ ಉಳಿದು, ಕತ್ತಲಾಗುವ ಮುನ್ನ ತೋಟದ ಮನೆ ಸೇರುವುದೂ ಅದರಿಂದ ಸಾಧ್ಯವಾಯಿತು. ಕೊನೆಯ ಬಸ್ಸಿಗೆಂದು ಅಭ್ಯಾಸ ಬಿಟ್ಟು ಓಡಬೇಕಾಗಿರಲಿಲ್ಲ. ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು.

ಹೆಣ್ಣುಮಕ್ಕಳ ಪ್ರಶ್ನೆಯೇ ಬೇರೆ. ಜಾತ್ರೆಯ ಕುಸ್ತಿ ಕಣದಲ್ಲಿ ಅವರಿಗೆ ಸ್ಥಾನವೇ ಇರಲಿಲ್ಲ. ಅವರನ್ನು ಅಂಗಳಕ್ಕೆ ತಂದದ್ದು ಶಾಲೆ. ತಂದಮೇಲೆ ಕಳಿಸುವುದು ಹೇಗೆ? ಮಗನಾದರೆ ‘ಹೋಗಿ ಬಾ’ ಎಂದು ಯಾವ ಗಾಡಿಗಾದರೂ ಹತ್ತಿಸುವ ತಂದೆ, ಮಗಳಾದರೆ ಮೂರು ಪ್ರಶ್ನೆ ಕೇಳುತ್ತಾನೆ: ಯಾರ ಗಾಡಿ, ಜೊತೆಗೆ ಯಾರು, ಎಷ್ಟೊತ್ತಿಗೆ ಬರುವುದು. ಮೂರಕ್ಕೂ ಉತ್ತರ ಸರಿಬಾರದೆ ತಾಲ್ಲೂಕು ಮಟ್ಟದಲ್ಲಿ ಗೆದ್ದು ಜಿಲ್ಲೆಗೆ ಹೋಗದೆ ಉಳಿದ ಹುಡುಗಿಯರು ಪ್ರತಿ ಶಾಲೆಯಲ್ಲೂ ಸಿಗುತ್ತಾರೆ. ಅವರ ಓಟದ ವೇಗ ಕಡಿಮೆಯಿರಲಿಲ್ಲ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆ, ಜಿಲ್ಲಾ ಕೇಂದ್ರಗಳ ಕ್ರೀಡಾ ವಸತಿ ನಿಲಯಗಳು ಮುಖ್ಯವಾಗುವುದು ಇಲ್ಲಿ. ಅಲ್ಲಿ ಆಯ್ಕೆಯಾದ ಮಗುವಿಗೆ ಮನೆಯಲ್ಲಿ ಗಾಡಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಆಯ್ಕೆಯ ದಿನ ಅಲ್ಲಿಗೆ ತಲುಪಲು ಮತ್ತೆ ಗಾಡಿ ಬೇಕು.

2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಿದವರು ಕಡಿಮೆ. ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದಾಗ, ಆಟವಾಡುವ ಮಗಳ ಜೊತೆ ತಾಯಿಯೂ ಖರ್ಚಿಲ್ಲದೆ ಹೋಗುವ ಹಾದಿ ತೆರೆಯಿತು. ತಂದೆಯ ಎರಡನೆಯ ಪ್ರಶ್ನೆಗೆ ಅದರಿಂದ ಉತ್ತರ ಸಿಕ್ಕಿದೆ. ಮೂರನೆಯದಕ್ಕೆ ಇಲ್ಲ, ಪಂದ್ಯ ತಡವಾದರೆ ಬಸ್ಸು ಕಾಯುವುದಿಲ್ಲ.

ಬಾಲಕರ ತಂಡ ಈಗಲೂ ಬಾಡಿಗೆ ಕೂಡಿಸಿ ಕ್ರೂಸರ್ ಹಿಡಿಯುತ್ತದೆ. ಬಾಲಕಿಯರ ತಂಡ ಬಸ್ ನಿಲ್ದಾಣಕ್ಕೆ ನಡೆಯುತ್ತದೆ. ಕಂಡಕ್ಟರ್ ಬಂದಾಗ ಹನ್ನೆರಡು ಆಟಗಾರ್ತಿಯರಿಗೂ, ಜೊತೆಗೆ ಬಂದ ತಾಯಂದಿರಿಗೂ ಶೂನ್ಯ ದರದ ಟಿಕೆಟು. ಕಿಸೆಗೆ ಕೈ ಹಾಕುವವರು ದೈಹಿಕ ಶಿಕ್ಷಕರೊಬ್ಬರೇ.